ಶರೀಫಜ್ಜನ ಪದ, ಯಾರ ಧಾಟಿ?

ಗಿಟಾರ್ ಹಿಡಿದವರಿಗೆ ಶರೀಫಜ್ಜನ ಪದ ದಕ್ಕುತ್ತದೆಯೇ? ರಘು ದೀಕ್ಷಿತ್ ಹೆಸರೆತ್ತಿದರೆ ತೆಲಂಗಾಣದ ನಾರ್ವ, ಮಕ್ತಲ್ ಕಡೆಯ ಭಜನೆಯ ಹಿರಿಯರು ಮುಖ ಸಿಂಡರಿಸುತ್ತಾರೆ. ಕಡಕೋಳ ಮಡಿವಾಳಪ್ಪನ ಪದವನ್ನೂ ತೆಲುಗಿನ ವೀರಬ್ರಹ್ಮಂ ತತ್ವಗಳನ್ನೂ ಒಂದೇ ಏಕತಾರಿಗೆ ಹಾಡುವ ಸೀಮೆ ಇದು. ಡ್ರಮ್ಸ್ ಸದ್ದಿಗೆ ಇಲ್ಲಿ ಸುಲಭಕ್ಕೆ ಜಾಗ ಸಿಗದು.

ರಘು ಅವರ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. 1974ರಲ್ಲಿ ನಾಸಿಕ್‌ನಲ್ಲಿ ಹುಟ್ಟು, ಮೈಸೂರಿನಲ್ಲಿ ಬೆಳವಣಿಗೆ, ಸೂಕ್ಷ್ಮಜೀವಶಾಸ್ತ್ರದಲ್ಲಿ ಚಿನ್ನದ ಪದಕ, ಜೊತೆಗೆ ಭರತನಾಟ್ಯ, ಆಮೇಲೆ ‘ಅಂತರಾಗ್ನಿ’ ತಂಡ. ರೆಕಾರ್ಡ್ ಕಂಪನಿಗಳು ಬೇಡವೆಂದ ಮೇಲೆ ವಿಶಾಲ್-ಶೇಖರ್ ಜೋಡಿ 2008ರಲ್ಲಿ ಮೊದಲ ಆಲ್ಬಂ ತಂದಿತು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ. ಸೊಂಟಕ್ಕೆ ಲುಂಗಿ, ಕಾಲಿಗೆ ಗೆಜ್ಜೆ, ಬಾಯಲ್ಲಿ ‘ಗುಡುಗುಡಿಯ ಸೇದಿ ನೋಡೊ’.

ತಕರಾರು ಇಷ್ಟೆ: ಮೂಲ ಧಾಟಿ ಕೆಟ್ಟಿತು.

ಯಾವ ಮೂಲ? ಶರೀಫರು ತೀರಿಕೊಂಡದ್ದು 1889ರಲ್ಲಿ. ಇವತ್ತು ಊರೂರಿನ ಕಿವಿಯಲ್ಲಿ ಕೂತಿರುವ ಎಷ್ಟೋ ಧಾಟಿಗಳು ಸಿ. ಅಶ್ವತ್ಥ್ ಹಾಕಿದವು. ಕ್ಯಾಸೆಟ್ಟಿನಲ್ಲಿ ಬಂದವು, 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದ ಇನ್ನಷ್ಟು ಗಟ್ಟಿಯಾದವು. ಅಶ್ವತ್ಥರು ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರರಾಗಿದ್ದವರು, ಏಕತಾರಿ ಹಿಡಿದು ಜಾತ್ರೆ ತಿರುಗಿದವರಲ್ಲ. ರಘು ಅವರನ್ನು ಬೈಯುವವರು ಎದುರಿಗಿಡುವ ‘ಹಳೆಯದು’ ತಮ್ಮದೇ ಯೌವನದ ಕ್ಯಾಸೆಟ್ಟು.

ಜಪಾನಿನಲ್ಲೂ 1970ರ ಸುಮಾರಿಗೆ ಜಗಳವೊಂದು ಎದ್ದಿತ್ತು, ರಾಕ್ ಸಂಗೀತ ಜಪಾನಿ ಭಾಷೆಗೆ ಒಗ್ಗುತ್ತದೆಯೇ ಅಂತ. ‘ಹ್ಯಾಪಿ ಎಂಡ್’ ತಂಡ ಹಾಡಿಯೇ ತೋರಿಸಿತು. ಇಲ್ಲಿ ರಾಕ್‌ಗೆ ಕನ್ನಡ ಒಗ್ಗುವುದರ ಬಗ್ಗೆ ಯಾರಿಗೂ ಸಂಶಯವಿಲ್ಲ. ಸಂಶಯ ತತ್ವದ್ದು.

ಈ ಭಾಗದ ಹಳೆಯ ಮಾಸ್ತರರೊಬ್ಬರು ಪಲ್ಲವಿ ಮುಗಿದದ್ದೇ ತಾಳ ನಿಲ್ಲಿಸಿಬಿಡುತ್ತಿದ್ದರು. ಗುಡುಗುಡಿಯ ಬುರುಡೆ ಯಾವುದು, ಅದರಲ್ಲಿ ಸುಡುವುದೇನು, ಹೊಗೆ ಯಾರದು ಎಂದು ಹುಡುಗರನ್ನೇ ಕೇಳುತ್ತಿದ್ದರು. ಉತ್ತರ ಬರದಿದ್ದರೆ ಪದ ಮುಂದೆ ಹೋಗುತ್ತಿರಲಿಲ್ಲ, ಚಹಾ ಆರಿದರೂ ಸರಿ. ಗುರು ಗೋವಿಂದಭಟ್ಟರ ಮುಂದೆ ಶರೀಫರೂ ಹೀಗೆ ಕೂತೇ ಕಲಿತಿರಬೇಕು. ಡ್ರಮ್ಸ್‌ಗೆ ಅಷ್ಟು ಪುರುಸೊತ್ತಿಲ್ಲ. ಕುಣಿಯುವ ಜನಕ್ಕೆ ಪಲ್ಲವಿ ಸಾಕು.

ಆದರೆ ಅಶ್ವತ್ಥರ ಕ್ಯಾಸೆಟ್ಟಾದರೂ ಎಲ್ಲಿ ನಿಂತು ಕೇಳಿತು? ತಪ್ಪು ಗಿಟಾರಿನದೋ, ಮೈಕಿನದೋ? ಮಕ್ತಲ್‌ನ ಕಾಲೇಜು ಹುಡುಗನೊಬ್ಬ ಮೊಬೈಲಿನಲ್ಲಿ ರಘು ಹಾಡು ಕೇಳಿ, ಅದರ ಅರ್ಥ ಹುಡುಕಿಕೊಂಡು ಅಮಾವಾಸ್ಯೆಯ ಭಜನೆಗೆ ಬಂದರೆ, ಏಕತಾರಿ ಅವನ ಕೈಗೆ ಕೊಡಬೇಕೋ ಬೇಡವೋ?