ಒಂದು ಪ್ರೋಗ್ರಾಂ, ಹಲವು ಕಿಟಕಿ

(ಕಲಬುರಗಿಯಲ್ಲಿ ನಡೆದ ನಮ್ಮ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಕುರಿತು ವಿದ್ಯಾರ್ಥಿಗಳಿಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನನಗೆ ಸಂಕೋಚವಾಯಿತು. ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ, ಕಂಪ್ಯೂಟರ್ ತಜ್ಞನಲ್ಲ. ಆದರೆ ಕಂಪ್ಯೂಟರಿನ ಮುಂದೆ ಕೂತು ನಾನು ಮಾಡಿದ ಒಂದು ತಪ್ಪಿನಿಂದ ಕಮಲಾಪುರದ ಒಬ್ಬ ವಿದ್ಯಾರ್ಥಿನಿಗೆ ನಷ್ಟವಾಯಿತು. ಆ ತಪ್ಪು ಏಕೆ ಆಯಿತೆಂದು ಹುಡುಕುತ್ತಾ ಹೋಗಿ ಕಲಿತದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ವಿದ್ಯಾರ್ಥಿವೇತನದ ಅರ್ಜಿ ಹಾಕುವ ಕೊನೆಯ ದಿನಗಳವು. ಒಂದೇ ಕಂಪ್ಯೂಟರ್, ಹತ್ತಾರು ಮಕ್ಕಳು. ಪುಟ ತೆರೆಯಲು ಐದು ನಿಮಿಷ ಹಿಡಿಯುತ್ತಿತ್ತು. ಸಮಯ ಉಳಿಸೋಣವೆಂದು ಒಂದೇ ಬ್ರೌಸರಿನಲ್ಲಿ ಎರಡು ಟ್ಯಾಬ್ ತೆರೆದೆ. ಮೊದಲನೆಯದರಲ್ಲಿ ಒಬ್ಬ ಹುಡುಗಿಯ ಹೆಸರಿನಲ್ಲಿ ಲಾಗಿನ್ ಆದೆ, ಎರಡನೆಯದರಲ್ಲಿ ಇನ್ನೊಬ್ಬಳ ಹೆಸರಿನಲ್ಲಿ. ಬಳಿಕ ಮೊದಲನೆಯ ಟ್ಯಾಬಿಗೆ ಮರಳಿ ಆ ಹುಡುಗಿಯ ಅಂಕಗಳನ್ನೂ ತಂದೆಯ ಆದಾಯ ಪ್ರಮಾಣಪತ್ರದ ನಂಬರನ್ನೂ ತುಂಬಿ ಸೇವ್ ಒತ್ತಿದೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಂಡಿತು. ಆದರೆ ಆ ವಿವರವೆಲ್ಲ ಎರಡನೆಯ ಹುಡುಗಿಯ ಅರ್ಜಿಗೆ ಹೋಗಿ ಸೇರಿತ್ತು. ಮೊದಲನೆಯವಳ ಅರ್ಜಿ ಅರ್ಧಕ್ಕೇ ನಿಂತಿತ್ತು.

ತಿಂಗಳು ಕಳೆದ ಮೇಲೆ ಆಕೆಯ ತಾಯಿ ಶಾಲೆಗೆ ಬಂದರು. ‘ಸರ್, ನನ್ನ ಮಗಳ ಅರ್ಜಿ ಬಂದೇ ಇಲ್ಲ ಅಂತಾರಲ್ರಿ, ನೀವೇ ತುಂಬಿದ್ರಲ್ಲ?’ ಎಂದು ಕೇಳಿದರು. ನಾನು ಮೊದಲು ದೂರಿದ್ದು ಯಂತ್ರವನ್ನು. ನಿಜ ತಿಳಿದ ಮೇಲೆ ಅವರನ್ನು ಕಂಡು, ‘ಆಪಾ, ತಪ್ಪು ನನ್ನದೇ’ ಎಂದೆ. ಅಷ್ಟರಲ್ಲಿ ಗಡುವು ಮುಗಿದಿತ್ತು. ಎರಡನೆಯ ಹುಡುಗಿಯ ಅರ್ಜಿಯನ್ನು ಹೇಗೋ ತಿದ್ದಿಸಿದೆವು. ಮೊದಲನೆಯವಳಿಗೆ ಆ ವರ್ಷ ಹಣ ಬರಲಿಲ್ಲ.

ವಿದ್ಯಾರ್ಥಿಗಳೇ, ಇಲ್ಲಿ ಆದದ್ದೇನು? ಇದನ್ನು ತಿಳಿಯಲು ಮೊದಲು ‘ಪ್ರೋಗ್ರಾಂ’ ಬೇರೆ, ‘ಪ್ರೋಗ್ರಾಮಿನ ಚಾಲನೆ’ ಬೇರೆ ಎಂಬುದನ್ನು ಅರಿಯಬೇಕು.

ರಮಜಾನ್ ತಿಂಗಳಲ್ಲಿ ನಮ್ಮ ಮಸೀದಿಗಳನ್ನು ನೆನೆಯಿರಿ. ಕಪಾಟಿನಿಂದ ಒಬ್ಬೊಬ್ಬರೂ ಒಂದೊಂದು ಮುಸ್‌ಹಫ್ ತೆಗೆದುಕೊಂಡು ಕೂರುತ್ತಾರೆ. ಒಬ್ಬರು ಮೂರನೇ ಪಾರಾದಲ್ಲಿ, ಇನ್ನೊಬ್ಬರು ಹತ್ತೊಂಬತ್ತನೇ ಪಾರಾದಲ್ಲಿ. ಗ್ರಂಥ ಒಂದೇ, ಓದು ಹಲವು, ಒಬ್ಬೊಬ್ಬರ ಗುರುತಿನ ದಾರ ಒಂದೊಂದು ಕಡೆ. ಪವಿತ್ರ ಗ್ರಂಥವನ್ನು ನಾನು ಯಂತ್ರಕ್ಕೆ ಹೋಲಿಸುತ್ತಿಲ್ಲ, ಓದುವ ಕ್ರಮವನ್ನಷ್ಟೇ ಹೇಳುತ್ತಿದ್ದೇನೆ. ಡಿಸ್ಕಿನಲ್ಲಿರುವ ಪ್ರೋಗ್ರಾಂ ಬರೆದಿಟ್ಟ ಆದೇಶಗಳ ಒಂದು ಪುಸ್ತಕ. ಅದನ್ನು ತೆರೆದಾಗ ಒಂದು ಓದು, ಅಂದರೆ ಒಂದು ಚಾಲನೆ ಶುರುವಾಗುತ್ತದೆ. ಇದಕ್ಕೆ ‘ಇನ್‌ಸ್ಟನ್ಸ್’ ಎನ್ನುತ್ತಾರೆ. ಮತ್ತೊಮ್ಮೆ ತೆರೆದರೆ ಮತ್ತೊಂದು ಚಾಲನೆ. ಪ್ರತಿ ಚಾಲನೆಗೂ ಮೆಮೊರಿಯಲ್ಲಿ ಸ್ವಂತ ಜಾಗ ಮತ್ತು ಒಂದು ನಂಬರ್ ಸಿಗುತ್ತದೆ. ತರಗತಿಯಲ್ಲಿ ಒಂದೇ ಹೆಸರಿನ ಮೂವರಿದ್ದರೆ ಹಾಜರಿ ಪುಸ್ತಕದ ನಂಬರಿನಿಂದ ಗುರುತಿಸುತ್ತೇವಲ್ಲ, ಹಾಗೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಈ ಚಾಲನೆಗಳನ್ನೆಲ್ಲ ಕಾಣಬಹುದು.

ಇಷ್ಟು ಚಾಲನೆಗಳನ್ನು ಯಂತ್ರ ಹೇಗೆ ಸಂಭಾಳಿಸುತ್ತದೆ? ನಮ್ಮ ನಲಿ-ಕಲಿ ಶಿಕ್ಷಕರಂತೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಒಂದೇ ಕೋಣೆಯಲ್ಲಿ ಹಲವು ಗುಂಪುಗಳಿರುತ್ತವೆ. ಶಿಕ್ಷಕರು ಒಬ್ಬರೇ. ಒಂದು ಗುಂಪಿಗೆ ಸ್ವಲ್ಪ ಹೇಳಿಕೊಟ್ಟು ಮುಂದಿನ ಗುಂಪಿಗೆ ಹೋಗುತ್ತಾರೆ. ಮರಳಿ ಬಂದಾಗ ಮಗು ನಿಂತ ಮೆಟ್ಟಿಲಿನಿಂದಲೇ ಪಾಠ ಮುಂದುವರಿಯುತ್ತದೆ. ಕಂಪ್ಯೂಟರಿನ ಪ್ರೊಸೆಸರ್ ಕೂಡ ಒಂದು ಚಾಲನೆಯಿಂದ ಇನ್ನೊಂದಕ್ಕೆ ಒಂದು ಸೆಕೆಂಡಿನಲ್ಲಿ ನೂರಾರು ಸಲ ಹೋಗಿ ಬರುತ್ತದೆ. ನಮ್ಮ ಕಣ್ಣಿಗೆ ಎಲ್ಲವೂ ಏಕಕಾಲಕ್ಕೆ ನಡೆದಂತೆ ಕಾಣುತ್ತದೆ. ಆದರೆ ಮೆಮೊರಿಗೆ ಮಿತಿ ಇದೆ. ಗುಂಪುಗಳು ಹೆಚ್ಚಾದಷ್ಟೂ ಶಿಕ್ಷಕರು ಸುಸ್ತಾಗುವಂತೆ, ಕಿಟಕಿಗಳು ಹೆಚ್ಚಾದಷ್ಟೂ ಯಂತ್ರ ನಿಧಾನವಾಗುತ್ತದೆ.

ಈ ಸೌಲಭ್ಯದಿಂದ ನನ್ನಂಥವರಿಗೆ ಬಹಳ ಲಾಭವಿದೆ. ಒಂದೇ ಬರವಣಿಗೆಯ ಪ್ರೋಗ್ರಾಮನ್ನು ಎರಡು ಕಿಟಕಿಗಳಲ್ಲಿ ತೆರೆಯುತ್ತೇನೆ. ಒಂದರಲ್ಲಿ ಬಲದಿಂದ ಎಡಕ್ಕೆ ಸಾಗುವ ಉರ್ದು ಪ್ರಶ್ನೆಪತ್ರಿಕೆ, ಇನ್ನೊಂದರಲ್ಲಿ ಎಡದಿಂದ ಬಲಕ್ಕೆ ಸಾಗುವ ಕನ್ನಡದ ಪ್ರಶ್ನೆಪತ್ರಿಕೆ. ವಿಂಡೋಸ್ ಕೀಲಿಯ ಜೊತೆ ಎಡ ಅಥವಾ ಬಲ ಬಾಣದ ಕೀಲಿ ಒತ್ತಿದರೆ ಎರಡೂ ಅಕ್ಕಪಕ್ಕ ಬಂದು ನಿಲ್ಲುತ್ತವೆ. ಪ್ರಶ್ನೆ ಬಿಟ್ಟುಹೋಗುವ ಭಯವಿಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ಚಾಲನೆಗಳು ಬೇರೆಬೇರೆಯಾಗಿದ್ದರೂ ಅವು ಬರೆಯುವ ಪುಸ್ತಕ ಒಂದೇ ಆಗಿದ್ದಾಗ ತೊಂದರೆ. ಹಳೆಯ ವಿಂಡೋಸ್ ಯಂತ್ರದಲ್ಲಿ ಒಂದು ಪ್ರಯೋಗ ಮಾಡಿ ನೋಡಿ. ಒಂದೇ ಫೈಲನ್ನು ಎರಡು ನೋಟ್‌ಪ್ಯಾಡ್ ಕಿಟಕಿಗಳಲ್ಲಿ ತೆರೆಯಿರಿ. ಮೊದಲನೆಯದರಲ್ಲಿ ಒಂದು ಸಾಲು ಸೇರಿಸಿ ಸೇವ್ ಮಾಡಿ. ಬಳಿಕ ಎರಡನೆಯದರಲ್ಲಿ ಬೇರೊಂದು ಸಾಲು ಸೇರಿಸಿ ಸೇವ್ ಮಾಡಿ. ಈಗ ಫೈಲ್ ತೆರೆದರೆ ಮೊದಲನೆಯ ಸಾಲು ಮಾಯ! ಕೊನೆಗೆ ಬರೆದವರ ಮಾತೇ ಉಳಿಯುತ್ತದೆ. ವರ್ಡ್, ಲಿಬ್ರೆ ಆಫೀಸ್‌ನಂಥ ಪ್ರೋಗ್ರಾಮುಗಳು ಫೈಲಿಗೆ ಬೀಗ ಹಾಕುತ್ತವೆ. ‘ಈ ಫೈಲನ್ನು ಇನ್ನೊಬ್ಬರು ಬಳಸುತ್ತಿದ್ದಾರೆ, ನೀವು ಓದಲು ಮಾತ್ರ ಸಾಧ್ಯ’ ಎಂದು ಹೇಳಿದರೆ ಸಿಟ್ಟಾಗಬೇಡಿ. ಅದು ನಿಮ್ಮನ್ನು ಕಾಯುತ್ತಿದೆ.

ದೊಡ್ಡ ವಿದ್ವಾಂಸರೂ ಈ ಗುಂಡಿಗೆ ಬಿದ್ದಿದ್ದಾರೆ. ಒಂದು ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು 1961ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಮಾಡಿ ತೋರಿಸಿದರು. ಮುಂದೆ ಅದೇ ದಶಕದಲ್ಲಿ ಒಂದು ದಿನ ಅಲ್ಲಿನ ಇಬ್ಬರು ಮೇಲ್ವಿಚಾರಕರು ಒಂದೇ ಎಡಿಟರ್ ಪ್ರೋಗ್ರಾಮನ್ನು ಏಕಕಾಲಕ್ಕೆ ತೆರೆದರು. ಒಬ್ಬರು ತಿದ್ದುತ್ತಿದ್ದುದು ಎಲ್ಲರ ಗುಪ್ತಪದಗಳ ಪಟ್ಟಿ, ಇನ್ನೊಬ್ಬರು ತಿದ್ದುತ್ತಿದ್ದುದು ಲಾಗಿನ್ ಆದವರಿಗೆ ಕಾಣುವ ದಿನದ ಸೂಚನೆ. ಆ ಎಡಿಟರ್ ತಾತ್ಕಾಲಿಕ ಫೈಲಿಗೆ ಯಾವಾಗಲೂ ಒಂದೇ ಹೆಸರಿಡುತ್ತಿತ್ತು. ಎರಡೂ ಅದಲು ಬದಲಾದವು. ಆಮೇಲೆ ಲಾಗಿನ್ ಆದವರಿಗೆಲ್ಲ ಸೂಚನೆಯ ಬದಲು ಎಲ್ಲರ ಗುಪ್ತಪದಗಳೇ ಕಂಡವು! ಇದನ್ನು ಓದಿದಾಗ ನನ್ನ ಇಬ್ಬರು ಹುಡುಗಿಯರ ಅರ್ಜಿಗಳು ನೆನಪಾದವು.

ಈಗ ನನ್ನ ತಪ್ಪಿಗೆ ಬರುತ್ತೇನೆ. ದರ್ಗಾದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಟೋಕನ್ ಪಡೆಯುತ್ತೇವಲ್ಲ, ಹಾಗೆ ಲಾಗಿನ್ ಆದಾಗ ವೆಬ್‌ಸೈಟ್ ನಮ್ಮ ಬ್ರೌಸರಿಗೆ ಒಂದು ಟೋಕನ್ ಕೊಡುತ್ತದೆ. ಸಾಮಾನ್ಯವಾಗಿ ಒಂದು ವೆಬ್‌ಸೈಟಿಗೆ ಬ್ರೌಸರಿನ ಜೇಬಿನಲ್ಲಿ ಒಂದೇ ಲಾಗಿನ್ ಟೋಕನ್ ಇರುತ್ತದೆ. ಎರಡನೆಯ ಹುಡುಗಿಯ ಹೆಸರಿನಲ್ಲಿ ಲಾಗಿನ್ ಆದ ಕೂಡಲೇ ಮೊದಲನೆಯವಳ ಟೋಕನ್ ಹೋಗಿ ಹೊಸದು ಬಂತು. ಮೊದಲನೆಯ ಟ್ಯಾಬಿನ ಪರದೆಯಲ್ಲಿ ಹಳೆಯ ಹೆಸರೇ ಇತ್ತು, ಆದರೆ ಸೇವ್ ಒತ್ತಿದಾಗ ಅದು ತೋರಿಸಿದ್ದು ಹೊಸ ಟೋಕನ್ನು. 2008ರಲ್ಲಿ ಬಂದ ಕ್ರೋಮ್ ಮುಂತಾದ ಬ್ರೌಸರುಗಳು ಒಳಗೊಳಗೇ ಟ್ಯಾಬುಗಳನ್ನು ಬೇರೆಬೇರೆ ಚಾಲನೆಗಳಾಗಿ ನಡೆಸುತ್ತವೆ, ಒಂದು ಕೆಟ್ಟರೆ ಉಳಿದವು ಕೆಡಬಾರದೆಂದು. ಆದರೂ ಅವುಗಳ ಜೇಬು ಒಂದೇ. ನನಗೆ ಗೊತ್ತಿಲ್ಲದಿದ್ದುದು ಇದು. ಕಿಟಕಿ ಎರಡಾದ ಮಾತ್ರಕ್ಕೆ ಜೇಬು ಎರಡಾಗುವುದಿಲ್ಲ.

ಜೇಬನ್ನೂ ಬೇರೆ ಮಾಡುವ ದಾರಿಗಳಿವೆ. ನಿಮ್ಮ ಮನೆಯ ಫೋನಿನಲ್ಲಿ ‘ಡ್ಯುಯಲ್ ಆ್ಯಪ್’ ಸೌಲಭ್ಯದಿಂದ ಎರಡು ನಂಬರಿನ ಎರಡು ವಾಟ್ಸಾಪ್ ಇಡುತ್ತೀರಿ, ಒಂದರ ಸಂದೇಶ ಇನ್ನೊಂದಕ್ಕೆ ಹೋಗುವುದಿಲ್ಲ. ಏಕೆಂದರೆ ಅಲ್ಲಿ ಪ್ರತಿ ಚಾಲನೆಗೂ ದಾಖಲೆ ಇಡುವ ಜಾಗ ಬೇರೆ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಬೇರೆಬೇರೆ ‘ಪ್ರೊಫೈಲ್’ ಮಾಡಿಕೊಂಡರೆ ಪ್ರತಿ ಪ್ರೊಫೈಲಿಗೂ ಸ್ವಂತ ಜೇಬು. ಎರಡು ಬೇರೆ ಬ್ರೌಸರುಗಳನ್ನು ಬಳಸಿದರೂ ಆದೀತು. ಆದರೆ ಎರಡು ಖಾಸಗಿ ಕಿಟಕಿ ತೆರೆದರೆ ಸಾಕೆಂದು ತಿಳಿಯಬೇಡಿ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಬ್ರೌಸರಿನ ಖಾಸಗಿ ಕಿಟಕಿಗಳೆಲ್ಲ ತಮ್ಮತಮ್ಮಲ್ಲಿ ಒಂದೇ ಜೇಬನ್ನು ಹಂಚಿಕೊಳ್ಳುತ್ತವೆ.

ಇಷ್ಟೆಲ್ಲ ಕಲಿತ ಮೇಲೆ ನಾನೀಗ ಏನು ಮಾಡುತ್ತೇನೆ ಗೊತ್ತೇ? ಒಂದು ಸಲಕ್ಕೆ ಒಂದೇ ಮಗುವಿನ ಅರ್ಜಿ. ಆ ಮಗುವನ್ನೂ ಪಾಲಕರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಸೇವ್ ಮಾಡಿದ ಮೇಲೆ ಪುಟವನ್ನು ಹೊಸದಾಗಿ ತೆರೆದು ಹೆಸರು, ತಂದೆಯ ಹೆಸರು, ಪ್ರಮಾಣಪತ್ರದ ನಂಬರುಗಳನ್ನು ಗಟ್ಟಿಯಾಗಿ ಓದುತ್ತೇನೆ. ಅವರು ಹೌದೆಂದ ಮೇಲೆ ಅರ್ಜಿ ಸಲ್ಲಿಸಿ, ಸ್ವೀಕೃತಿ ಪತ್ರ ಮುದ್ರಿಸಿ ಕೈಗೆ ಕೊಟ್ಟು, ಲಾಗ್‌ಔಟ್ ಆಗುತ್ತೇನೆ. ಆಮೇಲೆ ಮುಂದಿನ ಮಗು. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಸಂಘದ ಸದಸ್ಯರಲ್ಲಿ ನನ್ನದೊಂದು ವಿನಂತಿ. ಅರ್ಜಿ ತುಂಬುವ ಕಾಲದಲ್ಲಿ ಕಲಬುರಗಿಯಲ್ಲಿ ಕಲಿಯುತ್ತಿರುವ ನಮ್ಮ ಕಾಲೇಜು ವಿದ್ಯಾರ್ಥಿಗಳು ವಾರಕ್ಕೊಮ್ಮೆಯಾದರೂ ಕಮಲಾಪುರಕ್ಕೆ ಬಂದು ಕೈಜೋಡಿಸುವ ಏರ್ಪಾಡಾಗಲಿ. ಕೊನೆಯ ದಿನದ ಅವಸರವೇ ತಪ್ಪುಗಳ ತವರು.

ವಿದ್ಯಾರ್ಥಿಗಳೇ, ನಾಳೆ ನೀವೂ ಯಾರದೋ ಅರ್ಜಿ ತುಂಬುತ್ತೀರಿ. ಅಕ್ಷರ ಬಾರದ ತಾಯಿಯೊಬ್ಬರು ತಮ್ಮ ಮಗಳ ಕಾಗದಗಳನ್ನು ನಿಮ್ಮ ಕೈಗೆ ಕೊಡುತ್ತಾರೆ. ಅದು ಅಮಾನತ್. ಯಂತ್ರ ಎಷ್ಟು ಕಿಟಕಿ ಬೇಕಾದರೂ ತೆರೆದೀತು, ಆ ಕಾಗದಗಳ ಮೇಲೆ ನಿಗಾ ಇಡುವವರು ನೀವೇ. ಅಲ್ಲಾಹನು ನಮ್ಮೆಲ್ಲರಿಗೂ ಉಪಯುಕ್ತವಾದ ಜ್ಞಾನವನ್ನು ದಯಪಾಲಿಸಲಿ, ಆಮೀನ್.