ಮಾತ್ರೆಗೆ ರಜೆ ಬೇಡ

ಎಚ್‌ಐವಿ ಬಗ್ಗೆ ಬರುವ ಪತ್ರಗಳಲ್ಲಿ ಈಚೆಗೆ ಒಂದೇ ಅಳಲು. "ವೈರಲ್ ಲೋಡ್ ಇಳಿದಿದೆ, ಮೈ ತುಂಬಿಕೊಂಡಿದೆ. ಆದರೆ ಬಿಪಿ, ಶುಗರ್ ಗಂಟುಬಿದ್ದಿವೆ. ಎಚ್‌ಐವಿ ಅದುಮಿಡುವ ಎಆರ್‌ಟಿ ಮಾತ್ರೆ ಉಷ್ಣವಂತೆ. ಸ್ವಲ್ಪ ದಿನ ಬಿಟ್ಟರೆ ಲಿವರ್, ಕಿಡ್ನಿಗೆ ವಿಶ್ರಾಂತಿ ಸಿಗುವುದಿಲ್ಲವೇ?"

ಸಿಗುವುದಿಲ್ಲ. ಇದು ನನ್ನ ಹಟದ ಮಾತಲ್ಲ. 33 ದೇಶಗಳ 5,472 ಜನರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದ್ದಾರೆ. 'ಸ್ಮಾರ್ಟ್' ಎಂದು ಆ ಅಧ್ಯಯನದ ಹೆಸರು. ಒಂದು ಗುಂಪು ಮಾತ್ರೆ ಬಿಡಲಿಲ್ಲ. ಇನ್ನೊಂದು ಗುಂಪು ರೋಗನಿರೋಧಕ ಸಿಡಿ4 ಕೋಶಗಳ ಎಣಿಕೆ ಚೆನ್ನಾಗಿದ್ದಾಗ ಬಿಟ್ಟು, ಇಳಿದಾಗ ಮತ್ತೆ ಹಿಡಿಯಿತು. ಬಿಟ್ಟುಬಿಟ್ಟು ತೆಗೆದುಕೊಂಡವರಲ್ಲಿ ಸಾವು ಹೆಚ್ಚಾದ್ದರಿಂದ 2006ರ ಜನವರಿಯಲ್ಲಿ ಹೊಸಬರನ್ನು ಸೇರಿಸುವುದನ್ನೇ ನಿಲ್ಲಿಸಬೇಕಾಯಿತು. ಯಾವ ಹೃದಯ, ಕಿಡ್ನಿ, ಲಿವರ್ ಉಳಿಯಲಿ ಎಂದು ಮಾತ್ರೆ ಬಿಡಿಸಿದ್ದರೋ ಅವುಗಳ ಕಾಯಿಲೆಯೇ ಆ ಗುಂಪಿನಲ್ಲಿ ಹೆಚ್ಚಾಗಿ ಕಾಣಿಸಿತು.

ಯಾಕೆ ಹೀಗೆ? ವೈರಲ್ ಲೋಡ್ ವರದಿಯಲ್ಲಿ ವೈರಸ್ ಕಾಣಲಿಲ್ಲ ಎಂದರೆ ರಕ್ತದಲ್ಲಿ ಅಳತೆಗೆ ಸಿಗುವಷ್ಟು ಇಲ್ಲ ಎಂದರ್ಥ. ನಿದ್ದೆಯಲ್ಲಿರುವ ಕೆಲವು ಸಿಡಿ4 ಕೋಶಗಳ ಒಳಗೆ ಅದು ಬೂದಿ ಮುಚ್ಚಿದ ಕೆಂಡ. ಮಾತ್ರೆ ಆ ಕೋಶದೊಳಗಿನದನ್ನು ಕೊಲ್ಲಲಾರದು, ಹೊರಬಂದು ಮರಿ ಹಾಕದಂತೆ ತಡೆಯುತ್ತದೆ. ಬಿಟ್ಟ ಕೆಲವೇ ವಾರಗಳಲ್ಲಿ ವೈರಸ್ ರಕ್ತಕ್ಕೆ ಮರಳುತ್ತದೆ. ಮರಳಿದೊಡನೆ ದೇಹದ ರಕ್ಷಣಾಪಡೆ ರೇಗುತ್ತದೆ. ಎಲ್ಲೆಡೆ ಉರಿಯೂತ. ರಕ್ತನಾಳದ ಒಳಗೋಡೆ ಕೆಡುವುದು ಈ ಉರಿಯೂತದಿಂದ. ಇನ್ನೊಮ್ಮೆ ಹೇಳುತ್ತೇನೆ, ಬೇಸರಿಸಬೇಡಿ: ಮಾತ್ರೆ ಬಿಟ್ಟರೆ ವೈರಸ್ ಏಳುತ್ತದೆ, ವೈರಸ್ ಎದ್ದರೆ ಉರಿಯೂತ, ಉರಿಯೂತದಿಂದ ಹೃದಯಕ್ಕೂ ಕಿಡ್ನಿಗೂ ಪೆಟ್ಟು. ಹೆಪಟೈಟಿಸ್ ಬಿ ಕೂಡ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಎಆರ್‌ಟಿಯಲ್ಲಿರುವ ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಆ ವೈರಸ್ಸನ್ನೂ ಅದುಮಿಟ್ಟಿರುತ್ತವೆ. ದಿಢೀರನೆ ಬಿಟ್ಟರೆ ಲಿವರ್ ಕೈಕೊಡಬಹುದು.

"ಉಷ್ಣ ತೆಗೆಯುತ್ತೇನೆ" ಎಂದವನ ನಾಟಿ ಔಷಧಿ ನಂಬಿ ಎಆರ್‌ಟಿ ಬಿಟ್ಟವರು, ಆಮೇಲೆ ಟಿಬಿ ಹತ್ತಿಸಿಕೊಂಡು ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆ ವಾರ್ಡಿಗೆ ಬರುತ್ತಿದ್ದರು. ನನಗೆ ಸಿಟ್ಟು ಬರುತ್ತಿದ್ದುದು ಅವರ ಮೇಲಲ್ಲ, ಔಷಧಿ ಕೊಟ್ಟವನ ಮೇಲೆ.

ಹಾಗೆಂದು ಮಾತ್ರೆಗೆ ದೋಷವೇ ಇಲ್ಲವೆನ್ನುವುದಿಲ್ಲ. ಟೆನೊಫೊವಿರ್ ಕೆಲವರ ಕಿಡ್ನಿಗೆ ಒಗ್ಗದು. ಕ್ರಿಯಾಟಿನಿನ್ ನೋಡಿಸುವುದು ಅದಕ್ಕೇ. ಎಆರ್‌ಟಿಯ ಇನ್ನೊಂದು ಔಷಧಿ ಡೊಲುಟೆಗ್ರಾವಿರ್‌ನಿಂದ ತೂಕ ಏರಬಹುದು. ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯಿರಿ: 2004ರಲ್ಲಿ ಸರ್ಕಾರಿ ಉಚಿತ ಚಿಕಿತ್ಸೆ ಶುರುವಾದಾಗ ಮೂವತ್ತು ದಾಟಿದ್ದವರು ಈಗ ಐವತ್ತು ದಾಟಿದ್ದಾರೆ. ಬಿಪಿ ಬರುವ ವಯಸ್ಸು ಅದು.

ಸಮಯ ಮುಗಿಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ಬೀಡಿ, ಸಿಗರೇಟು ಬಿಡಿ. ಹೆಂಗಸರು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಳ್ಳಲಿ. ಎಚ್‌ಐವಿ ಇದ್ದವರಲ್ಲಿ ಅದರ ಸಾಧ್ಯತೆ ಸುಮಾರು ಆರು ಪಟ್ಟು. ಗ್ಯಾಸಿಗೆ ಕುಡಿಯುವ ಆಂಟಾಸಿಡ್ಡನ್ನು ಡೊಲುಟೆಗ್ರಾವಿರ್ ಜೊತೆ ಸೇರಿಸಬೇಡಿ, ಮಾತ್ರೆ ಮೈಗೆ ಹತ್ತುವುದಿಲ್ಲ. ಮಾತ್ರೆ ನುಂಗಿ ಎರಡು ಗಂಟೆಯಾದ ಮೇಲೆ ಕುಡಿಯಿರಿ. ಶುಗರ್‌ಗೆ ಮೆಟ್‌ಫಾರ್ಮಿನ್ ಬರೆಯುವ ವೈದ್ಯರಿಗೆ ನಿಮ್ಮ ಎಆರ್‌ಟಿ ವಿಷಯ ಗೊತ್ತಿರಲೇಬೇಕು, ಮೆಟ್‌ಫಾರ್ಮಿನ್ ಪ್ರಮಾಣ ತಗ್ಗಿಸಬೇಕಾಗಬಹುದು. ಹೇಳಲು ಅಂಜಬೇಡಿ. ಎಚ್‌ಐವಿ ಇದೆ ಎಂದು ಚಿಕಿತ್ಸೆ ನಿರಾಕರಿಸುವುದನ್ನು 2017ರ ಎಚ್‌ಐವಿ-ಏಡ್ಸ್ ಕಾಯ್ದೆ ನಿಷೇಧಿಸಿದೆ. ಏನೇ ಅನುಮಾನವಿದ್ದರೂ ಮಾತ್ರೆ ಬಿಡುವ ಮೊದಲು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಕರೆಗೆ ದುಡ್ಡಿಲ್ಲ.