ಕೋಳಿಜುಟ್ಟು: ಒಣನಾಡಿನ ಹಿತ್ತಲು ಕಲಿಸುವ ಪಾಠ



ಮಳೆಗಾಲದಲ್ಲಿ ಅಂಗಳವೆಲ್ಲ ನೀರಾಗಿ, ಮಾರ್ಚ್ ಬರುತ್ತಲೇ ಬಾವಿಯ ತಳ ಕಾಣುವ ಊರುಗಳು ಮಲೆನಾಡಿನಲ್ಲಿಯೂ ಇವೆ. ಅಂಥ ಊರಿನ ಹೂದೋಟ ಹೇಗಿರಬೇಕೆಂಬ ಪ್ರಶ್ನೆಗೆ ಉತ್ತರವನ್ನು ಒಣನಾಡಿನಲ್ಲಿ ಹುಡುಕುವುದು ಲೇಸು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ವರ್ಷದ ಸರಾಸರಿ ಮಳೆ 600 ಮಿಲಿಮೀಟರಿಗೂ ಕಡಿಮೆ. ಆಗುಂಬೆಗೆ ಜುಲೈ ಒಂದೇ ತಿಂಗಳಲ್ಲಿ ಬೀಳುವ ಮಳೆ ಇದಕ್ಕಿಂತ ಬಹಳ ಹೆಚ್ಚು.

ಅಂಥ ಸೀಮೆಗೆ ಒಗ್ಗುವ ಹೂಗಳಲ್ಲಿ ಸಿಲೋಸಿಯಾ ಒಂದು. ಹರಿವೆ, ದಂಟುಗಳ ಕುಟುಂಬಕ್ಕೆ ಸೇರಿದ ಈ ಗಿಡದ ಒಂದು ರೂಪವೇ ಕೋಳಿಜುಟ್ಟು. ಬೆಳೆಯುವ ತುದಿಯು ಮೊನೆಯಾಗಿ ಉಳಿಯದೆ ಪಟ್ಟಿಯಂತೆ ಅಗಲವಾಗುವುದರಿಂದ ಹೂಗೊಂಚಲು ಹುಂಜದ ಜುಟ್ಟಿನ ಆಕಾರ ತಾಳುತ್ತದೆ. ಬೀಟ್‌ರೂಟಿನ ಬಣ್ಣದ ಬಳಗಕ್ಕೇ ಸೇರಿದ ಇದರ ಬಣ್ಣ ಹೂ ಒಣಗಿದರೂ ಬೇಗ ಮಾಸದು. ಇದರ ಕಾಡುರೂಪವೇ ಮುಂಗಾರಿನ ಹೊಲಗಳಲ್ಲಿ ತಾನಾಗಿ ಬೆಳೆಯುವ ಅಣ್ಣೆ ಸೊಪ್ಪು. ತೆಲಂಗಾಣದಲ್ಲಿ ಇದನ್ನೇ ಗುನುಗು ಎಂದು ಕರೆದು ಬತುಕಮ್ಮ ಹಬ್ಬಕ್ಕೆ ಕೊಯ್ದು ತರುತ್ತಾರೆ.

ಈ ಗಿಡ ಬರವನ್ನು ಸ್ವಲ್ಪಮಟ್ಟಿಗೆ ತಾಳಬಲ್ಲದು. ನಿಂತ ನೀರನ್ನು ತಾಳಲಾರದು. ಆದುದರಿಂದ ಮಣ್ಣನ್ನು ನೋಡಿ ಮಡಿ ಮಾಡಬೇಕು. ಬಾದಾಮಿಯ ಕೆಂಪು ಮರಳುಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ. ಅಲ್ಲಿ ಕೊಟ್ಟಿಗೆ ಗೊಬ್ಬರ ಬೆರೆಸಿ, ಒಣ ಎಲೆಗಳ ಹೊದಿಕೆ ಹಾಕಿದರೆ ತೇವ ಉಳಿಯುತ್ತದೆ. ಹುನಗುಂದದ ಎರೆಮಣ್ಣು ನೀರನ್ನು ಹಿಡಿದಿಡುತ್ತದೆ. ಅಲ್ಲಿ ಒಂದು ಗೇಣು ಎತ್ತರದ ಏರುಮಡಿ ಅವಶ್ಯ.

ಬೀಜ ಬಹು ಸಣ್ಣದು. ಮರಳಿನೊಡನೆ ಬೆರೆಸಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ಸಾಕು. ನಾಲ್ಕೈದು ಎಲೆ ಮೂಡಿದಾಗ ಬೇರು ಕದಲದಂತೆ ಕಿತ್ತು, ಒಂದು ಅಡಿ ಅಂತರದಲ್ಲಿ ನೆಡಬೇಕು. ಈ ಹಂತದಲ್ಲಿ ನೊಂದ ಸಸಿ ಕುಳ್ಳಾಗಿಯೇ ಉಳಿದು, ಅಕಾಲದಲ್ಲಿ ಸಣ್ಣ ಹೂ ಬಿಡುತ್ತದೆ. ಯೂರಿಯಾ ಹೆಚ್ಚಾದರೆ ಎಲೆ ಸೊಕ್ಕಿ ಹೂ ಹಿಂದುಳಿಯುತ್ತದೆ. ಬೇರೂರಿದ ಗಿಡಕ್ಕೆ ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರನ್ನೇ ಬಳಸಬಹುದು. ಬಿತ್ತಿದ ಎರಡು ಮೂರು ತಿಂಗಳಿಗೆ ಹೂ ಬರುವುದರಿಂದ, ಬಾಗಲಕೋಟೆ ಸೀಮೆಯಲ್ಲಿ ಜುಲೈ ಆರಂಭದಲ್ಲಿ ಬಿತ್ತಿದರೆ ಮಹಾನವಮಿಗೆ ಹೂ ಸಿಗುತ್ತದೆ. ಮಲೆನಾಡಿನಲ್ಲಿ ಆಗ ಬಿತ್ತಿದರೆ ಸಸಿ ಕೊಳೆಯುವುದು. ಇಲ್ಲಿ ಮಳೆ ಹಿಂದೆಗೆದ ಮೇಲೆ, ಅಕ್ಟೋಬರಿನಲ್ಲಿ ಬಿತ್ತಿ ಸಂಕ್ರಾಂತಿಗೆ ಹೂ ಕಾಣುವುದು ಸೂಕ್ತ.

ಇನ್ನು ಮುಖ್ಯ ವಿಷಯ. ಒಂದೇ ಗಿಡದ ಬೆಳೆಸಿದ ರೂಪವನ್ನು ಪೊಟ್ಟಣದಲ್ಲಿ ಕೊಂಡು ತಂದು, ಕಾಡುರೂಪವನ್ನು ಕಳೆನಾಶಕದಿಂದ ಸುಡುತ್ತಿದ್ದೇವೆ. ಶೇಂಗಾ, ಸಜ್ಜೆಯ ನಡುವೆ ಅಣ್ಣೆ ಸೊಪ್ಪು ದಟ್ಟವಾಗಿ ಎದ್ದರೆ ಇಳುವರಿ ಕುಗ್ಗುವುದು ನಿಜ. ಅದನ್ನು ಬೀಜ ಕಟ್ಟುವ ಮುನ್ನ ಕೀಳಲೇಬೇಕು. ಆದರೆ ಕಿತ್ತ ಎಳೆ ಕುಡಿ ಅಡುಗೆಮನೆಗೆ ಪಲ್ಯವಾಗಿತ್ತು. ವಿಷ ಸಿಂಪಡಿಸಿದ ಹೊಲದಿಂದ ಅದನ್ನು ತರುವಂತಿಲ್ಲ. ನೈಜೀರಿಯಾದಲ್ಲಿ ಇದೇ ಸಿಲೋಸಿಯಾವನ್ನು ಸೊಪ್ಪಿಗಾಗಿ ಬೆಳೆದು ಮಾರುತ್ತಾರೆ. ಉಗಾಂಡಾದಲ್ಲಿ, ಜೋಳದ ಬೇರನ್ನು ಹೀರಿ ಬದುಕುವ ಸ್ಟ್ರೈಗಾ ಎಂಬ ಕಳೆಯನ್ನು ತಗ್ಗಿಸಲು ಇದು ನೆರವಾಗುವುದೇ ಎಂದು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. 2003ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ನಮ್ಮಲ್ಲಿ ಕಳೆಯೆಂದಷ್ಟೇ ಎಣಿಸಿದ ಗಿಡವು ಬೇರೆಡೆ ಬೆಳೆಯೂ ಹೌದು, ಪರೀಕ್ಷೆಯ ವಸ್ತುವೂ ಹೌದು.

ಬೀಜವನ್ನು ಮನೆಯಲ್ಲಿಯೇ ಉಳಿಸಿಕೊಳ್ಳುವುದು ಸುಲಭ. ಉತ್ತಮ ಗಿಡದ ಜುಟ್ಟು ಕಂದಿದಾಗ ಕತ್ತರಿಸಿ, ಕಾಗದದ ಮೇಲೆ ಒಣಗಿಸಿ ಉದುರಿಸಿದರೆ ಹೊಳೆಯುವ ಕಪ್ಪು ಬೀಜ ದೊರೆಯುತ್ತದೆ. ಕೀಟಗಳು ಪರಾಗವನ್ನು ಬೆರೆಸುವುದರಿಂದ ಒಂದು ಹಿತ್ತಲಿನಲ್ಲಿ ಒಂದೇ ಬಗೆಯನ್ನು ಬೆಳೆದು, ದೂರದ ಮನೆಯವರೊಡನೆ ಬೀಜ ವಿನಿಮಯ ಮಾಡಿಕೊಳ್ಳುವುದು ಒಳಿತು. ಬೀಜ ಹೊಲಕ್ಕೆ ಹಾರದಂತೆ ಉಳಿದ ತೆನೆಗಳನ್ನು ಮೊದಲೇ ಕೊಯ್ಯಬೇಕು.

ವಿದ್ಯಾರ್ಥಿಗಳು ಶಾಲೆಯಂಗಳದಲ್ಲಿ ಎರಡು ಮಡಿ ಮಾಡಲಿ: ಒಂದಕ್ಕೆ ಎಲೆಯ ಹೊದಿಕೆ, ಇನ್ನೊಂದು ಬರಿಮಣ್ಣು. ಯಾವುದಕ್ಕೆ ಎಷ್ಟು ಕೊಡ ನೀರು ಬೇಕಾಯಿತೆಂದು ಬರೆದಿಡಲಿ. ಆ ಲೆಕ್ಕವನ್ನು ಏಪ್ರಿಲ್‌ನಲ್ಲಿ ಊರಿನ ಬಾವಿಯ ಬಳಿ ನಿಂತು ಓದಲಿ.